ಆಷಾಢದ ಮೂರು ವಾರ: ಬೆನ್ನು ಬಿಗಿಯುವ ಕಾಯಿಲೆಗೆ ಫಿಸಿಯೋಥೆರಪಿ ಮಾಡಿಕೊಳ್ಳುವುದು ಹೇಗೆ

ನಾನು ನಗರತ್‌ಪೇಟೆಯಲ್ಲಿ ಚಿನ್ನದ ಕೆಲಸ ಮಾಡುವವನು. ಓಲೆ, ಜುಮುಕಿ, ಸಣ್ಣ ಬೆಸುಗೆ ಕೆಲಸ. ಈಗ ಎಲ್ಲದಕ್ಕೂ ಗ್ಯಾಸ್ ಬಂದಿದೆ. ಆದರೂ ಜುಮುಕಿಯ ಅಂಚಿಗೆ ಸಾಸಿವೆ ಗಾತ್ರದ ಗುಂಡು ಕೂರಿಸುವಾಗ ನಾನು ಬಾಯಿಗೆ ಊದುಕೊಳವೆ ಇಟ್ಟುಕೊಂಡೇ ಊದುತ್ತೇನೆ. ಉರಿ ಅಲುಗಾಡಬಾರದು. ಒಂದೇ ಸಮ ಊದಬೇಕು. 29ನೇ ವಯಸ್ಸಿನಲ್ಲಿ ನನಗೆ ಆ ಉಸಿರು ಸಾಲದೆ ಹೋಯಿತು. ಬೀಡಿ ಇಲ್ಲ, ಕೆಮ್ಮಿಲ್ಲ, ಆದರೂ ಅರ್ಧಕ್ಕೇ ಉರಿ ಕುಸಿಯುತ್ತಿತ್ತು. ನನ್ನ ಪಕ್ಕೆಲುಬುಗಳೇ ಸರಿಯಾಗಿ ಹಿಗ್ಗುತ್ತಿಲ್ಲ ಅಂತ ಗೊತ್ತಾಗಿದ್ದು ಎರಡು ವರ್ಷ ಕಳೆದ ಮೇಲೆ.

ಬೆನ್ನುನೋವು ಅದಕ್ಕೂ ಮೊದಲಿನಿಂದಲೇ ಇತ್ತು. ರಾತ್ರಿ ಮೂರು, ಮೂರೂವರೆಗೆ ಎಚ್ಚರ. ಎದ್ದು ನಡುಮನೆಯಲ್ಲಿ ಓಡಾಡಿದರೆ ಸ್ವಲ್ಪ ಆರಾಮ. ಬೆಳಗ್ಗೆ ಒಂದು ಗಂಟೆ ಹೊತ್ತು ಚಪ್ಪಲಿ ಹಾಕಲೂ ಬಗ್ಗಲು ಆಗುತ್ತಿರಲಿಲ್ಲ. ಅಂಗಡಿಗೆ ಹೋಗಿ ಓಡಾಡಿದರೆ ಸಡಿಲ. ಭಾನುವಾರ ಮಲಗಿದರೆ ಸೋಮವಾರ ಇನ್ನೂ ಕಷ್ಟ. ನೋಡಿದವರೆಲ್ಲ "ಬಗ್ಗಿ ಕೂತು ಕೆಲಸ ಮಾಡ್ತೀರಲ್ಲ, ಅದಕ್ಕೆ" ಅಂದರು. ಒಬ್ಬರು ಹದಿನೈದು ದಿನ ಹಾಸಿಗೆ ಬಿಟ್ಟು ಏಳಬೇಡಿ ಅಂದರು. ನಾನೂ ಭಕ್ತಿಯಿಂದ ಮಲಗಿದೆ. ಹದಿನಾರನೇ ದಿನ ನನ್ನನ್ನು ಎಬ್ಬಿಸಿ ಕೂರಿಸಲು ಇಬ್ಬರು ಬೇಕಾಯಿತು.

ಕೊನೆಗೆ ಕಾಯಿಲೆ ಹಿಡಿದವರು ಕಣ್ಣಿನ ಡಾಕ್ಟರು. ಒಂದು ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲು ಆಗದೆ ಹೋಗಿದ್ದೆ. ಅವರು ಕಣ್ಣು ನೋಡುತ್ತಲೇ "ಬೆಳಗ್ಗೆ ಎದ್ದಾಗ ಸೊಂಟ ಹಿಡ್ಕೊಂಡಿರುತ್ತಾ?" ಅಂತ ಕೇಳಿದರು. ಅಲ್ಲಿಂದ ರುಮಟಾಲಜಿಸ್ಟ್ ಅಂದರೆ ಸಂಧಿವಾತದ ಡಾಕ್ಟರು, ಈ ಕಾಯಿಲೆಗೆ ನಂಟಿರುವ ಜೀನ್ ಇದೆಯಾ ಅಂತ ನೋಡುವ ಎಚ್‌ಎಲ್‌ಎ-ಬಿ27 ರಕ್ತಪರೀಕ್ಷೆ, ಸೊಂಟದ ಎಂ.ಆರ್.ಐ. ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಚಿಕ್ಕದಾಗಿ ಎ.ಎಸ್. ಬೆನ್ನುಮೂಳೆಗೆ ಬರುವ ಉರಿಯೂತದ ಸಂಧಿವಾತ. ಸಾಮಾನ್ಯವಾಗಿ ಶುರುವಾಗುವುದು 45ರ ಒಳಗೆ, ಜಾಸ್ತಿ ಜನರಿಗೆ ಇಪ್ಪತ್ತರ ಆಚೀಚೆ. ಮೂಳೆಗಳನ್ನು ಕಟ್ಟಿಹಿಡಿಯುವ ನಾರು (ಲಿಗಮೆಂಟ್) ಮೂಳೆಗೆ ಅಂಟುವ ಜಾಗದಲ್ಲಿ ಬಾವು ಬರುತ್ತದೆ. ಮೈ ಅದನ್ನು ರಿಪೇರಿ ಮಾಡಲು ಹೋಗಿ ಹೊಸ ಮೂಳೆ ಬೆಳೆಸುತ್ತದೆ. ಹಾಗೆ ಬಿಟ್ಟರೆ ಕೆಲವರಿಗೆ ಒಂದು ಮಣಿ ಇನ್ನೊಂದು ಮಣಿಗೆ ಬೆಸೆದುಕೊಳ್ಳುತ್ತದೆ. ಬೆಸುಗೆ ಕೆಲಸದವನಿಗೆ ಇದಕ್ಕಿಂತ ಜಾಸ್ತಿ ವಿವರಿಸಬೇಕಿರಲಿಲ್ಲ.

ಬಿ27 ಇದ್ದವರಿಗೆಲ್ಲ ಈ ಕಾಯಿಲೆ ಬರುವುದಿಲ್ಲ, ಬಹಳಷ್ಟು ಜನರಿಗೆ ಏನೂ ಆಗುವುದಿಲ್ಲ. ಹಾಗಾಗಿ ಬರೀ ಆ ರಿಪೋರ್ಟ್ ಹಿಡಿದುಕೊಂಡು ಹೆದರಬೇಡಿ. ಇನ್ನೊಂದು ವಿಷಯ. ನಮ್ಮೂರಲ್ಲಿ ಕತ್ತು ನೋವು ಬಂದವರೆಲ್ಲ "ನಂಗೂ ಸ್ಪಾಂಡಿಲೈಟಿಸ್" ಅಂತ ಪಟ್ಟಿ ಕಟ್ಟಿಕೊಂಡು ಓಡಾಡುತ್ತಾರೆ. ಅದು ಹೆಚ್ಚಾಗಿ ವಯಸ್ಸಿನ ಸವೆತ. ಅವರಿಗೆ ಹೇಳಿದ ಮದ್ದು ನಮಗಲ್ಲ, ನಮ್ಮದು ಅವರಿಗಲ್ಲ.

ಶುರು ಮಾಡುವ ಮುಂಚೆ

ನಾನು ವರ್ಷಕ್ಕೊಮ್ಮೆ ಮೂರು ವಾರ ಪೂರ್ತಿ ಫಿಸಿಯೋಥೆರಪಿಗೆ ಕೊಡುತ್ತೇನೆ. ಸೋಮವಾರದಿಂದ ಶನಿವಾರ, ದಿನಕ್ಕೆ ಎರಡೂವರೆ ಗಂಟೆ. ಆಷಾಢದಲ್ಲಿ. ಆಗ ಮದುವೆ ಇಲ್ಲ, ಆರ್ಡರ್ ಇಲ್ಲ, ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಜೊತೆಗೆ ಜಿಟಿಜಿಟಿ ಮಳೆ, ತಣ್ಣನೆ ಗಾಳಿ, ನನಗೆ ಅದೇ ತಿಂಗಳು ಬಿಗಿತ ಜಾಸ್ತಿ. ನಿಮ್ಮ ಕೆಲಸದಲ್ಲಿ ಅಂಥ ಖಾಲಿ ತಿಂಗಳು ಯಾವುದು ಅಂತ ನೋಡಿಕೊಳ್ಳಿ. ಅರ್ಧ ಮನಸ್ಸಲ್ಲಿ, ನಡುನಡುವೆ ಫೋನ್ ಎತ್ತಿಕೊಂಡು ಮಾಡುವ ಕೆಲಸ ಇದಲ್ಲ.

ಮೊದಲು ರುಮಟಾಲಜಿಸ್ಟ್ ಹತ್ತಿರ ಹೋಗಿ. ಉರಿಯೂತ ಹತೋಟಿಯಲ್ಲಿ ಇರಬೇಕು. ಮಾತ್ರೆ ಅಥವಾ ಇಂಜೆಕ್ಷನ್ ಒಂದು ಕೈ, ವ್ಯಾಯಾಮ ಇನ್ನೊಂದು ಕೈ. "ವ್ಯಾಯಾಮ ಮಾಡ್ತಾ ಇದ್ದೀನಲ್ಲ" ಅಂತ ಔಷಧಿ ಬಿಟ್ಟವರ ಗತಿ ನಮ್ಮ ಗುಂಪಿನಲ್ಲೇ ನೋಡಿದ್ದೇನೆ. ಬೆನ್ನಿನ ಎಕ್ಸ್‌ರೇ ತೋರಿಸಿ, ಎಲ್ಲಿ ಮಣಿಗಳು ಸೇರಿಕೊಂಡಿವೆ ಅಂತ ಕೇಳಿ ಬರೆಸಿಕೊಳ್ಳಿ. ಮೂಳೆ ಸಾಂದ್ರತೆಯನ್ನೂ ಕೇಳಿ. ಸೇರಿಕೊಂಡ ಬೆನ್ನು ಗಟ್ಟಿ ಕಾಣುತ್ತದೆ, ಆದರೆ ಮೂಳೆ ಒಳಗೆ ಟೊಳ್ಳಾಗಿರಬಹುದು. ಸಣ್ಣಗೆ ಬಿದ್ದರೂ ಮುರಿಯಬಹುದು. ಎದೆನೋವು, ಬಿ.ಪಿ. ಇದ್ದರೆ ಅದನ್ನೂ ಮುಚ್ಚಿಡಬೇಡಿ, ಏಕೆಂದರೆ ಎರಡನೇ ವಾರದಲ್ಲಿ ಏದುಸಿರು ಬರುವ ಕೆಲಸ ಇದೆ.

ಫಿಸಿಯೋ ಹುಡುಕುವಾಗ ನಾನು ಕೇಳುವುದು ಒಂದೇ ಪ್ರಶ್ನೆ: "ಎ.ಎಸ್. ಇರೋರಿಗೆ ನೀವು ಏನು ಮಾಡಿಸ್ತೀರಿ?" ಬರೀ ಮಲಗಿಸಿ, ಕರೆಂಟ್ ಶಾಖ ಕೊಟ್ಟು, ಇಪ್ಪತ್ತು ನಿಮಿಷಕ್ಕೆ ಕಳಿಸುವ ಕಡೆ ಹೋಗಬೇಡಿ. ಶಾಖ ಹಿತವಾಗಿರುತ್ತದೆ, ಸುಳ್ಳಲ್ಲ. ಆದರೆ ಮೈ ಬಗ್ಗಬೇಕಾದವರು ನಾವು. ನಮ್ಮ ಮೇಡಂ ಮೊದಲ ದಿನವೇ ಟೇಪು ತೆಗೆದು ಅಳೆಯಲು ಶುರು ಮಾಡಿದರು. ಆಗಲೇ ನನಗೆ ನಂಬಿಕೆ ಬಂತು.

ಅಳತೆ

ಅಳೆಯದೆ ಮಾಡಿದರೆ ಎರಡು ಮೋಸ ಆಗುತ್ತದೆ. ನೋವು ಕಡಿಮೆಯಾದ ದಿನ ಎಲ್ಲ ಸರಿಹೋಯಿತು ಅನ್ನಿಸುತ್ತದೆ, ನೋವು ಜಾಸ್ತಿಯಾದ ದಿನ ಎಲ್ಲ ಹಾಳಾಯಿತು ಅನ್ನಿಸುತ್ತದೆ. ಟೇಪಿಗೆ ಮೂಡ್ ಇಲ್ಲ. ದರ್ಜಿಯ ಟೇಪು ಸಾಕು. ನಾನು ಅಭ್ಯಾಸ ಬಲದಿಂದ ಅಂಗಡಿಯ ವರ್ನಿಯರ್ ತಂದಿದ್ದೆ. "ರೀ, ಇದೇನು ವಜ್ರಾನಾ?" ಅಂತ ಹೆಂಡತಿ ಅದನ್ನು ಒಳಗೆ ಇಟ್ಟಳು.

ತಲೆ ಮತ್ತು ಗೋಡೆ. ಹಿಮ್ಮಡಿ, ಕುಂಡಿ, ಬೆನ್ನು ಗೋಡೆಗೆ ತಾಗಿಸಿ ನಿಲ್ಲಿ. ನೆಟ್ಟಗೆ ಮುಂದೆ ನೋಡಿ, ಗಲ್ಲ ಸ್ವಲ್ಪ ಒಳಗೆ. ಹಿಂದಲೆಗೂ ಗೋಡೆಗೂ ಮಧ್ಯೆ ಎಷ್ಟು ಜಾಗ ಇದೆ ಅಂತ ಇನ್ನೊಬ್ಬರು ಅಳೆಯಬೇಕು. ಸಾಮಾನ್ಯವಾಗಿ ಸೊನ್ನೆ ಇರಬೇಕು. ನನ್ನದು ಮೊದಲ ದಿನ 4 ಸೆಂ.ಮೀ. ಗಲ್ಲ ಮೇಲಕ್ಕೆ ಎತ್ತಿದರೆ ತಲೆ ಸುಲಭವಾಗಿ ತಾಗುತ್ತದೆ. ಅದು ತಕ್ಕಡಿ ತಟ್ಟೆಗೆ ಬೆರಳು ಒತ್ತಿದ ಹಾಗೆ, ಗಿರಾಕಿ ನಾವೇ.

ಎದೆ. ಮೊಲೆತೊಟ್ಟಿನ ಮಟ್ಟಕ್ಕೆ ಟೇಪು ಸುತ್ತಿ. ಪೂರ್ತಿ ಉಸಿರು ಬಿಟ್ಟಾಗ ಎಷ್ಟು, ಪೂರ್ತಿ ಎಳೆದಾಗ ಎಷ್ಟು. ಪ್ರಾಯದವರಿಗೆ ವ್ಯತ್ಯಾಸ ಸುಮಾರು 5 ಸೆಂ.ಮೀ. ಬರುತ್ತದೆ. 2.5ಕ್ಕಿಂತ ಕಡಿಮೆ ಅಂದರೆ ಎದೆಗೂಡು ಬಿಗಿದಿದೆ ಅಂತ. ನನ್ನದು 2 ಇತ್ತು. ಊದುಕೊಳವೆಯ ಕಥೆ ಆ ಕ್ಷಣ ಅರ್ಥವಾಯಿತು.

ಸೊಂಟ. ಸೊಂಟದ ಹಿಂದೆ ಎರಡು ಕುಳಿ ಇರುತ್ತವಲ್ಲ, ಅವುಗಳ ನಡುವೆ ಪೆನ್ನಿನಿಂದ ಒಂದು ಗುರುತು, ಅದರಿಂದ 10 ಸೆಂ.ಮೀ. ಮೇಲೆ ಇನ್ನೊಂದು. ಮಂಡಿ ಮಡಿಸದೆ ಮುಂದಕ್ಕೆ ಬಗ್ಗಿ. ಚರ್ಮದ ಮೇಲಿನ ಆ 10 ಹಿಗ್ಗಿ 15ರ ಹತ್ತಿರ ಬರಬೇಕು. ನನ್ನದು ಹನ್ನೆರಡೂವರೆಗೆ ನಿಂತಿತು. ಬೆರಳು ನೆಲ ಮುಟ್ಟುತ್ತದೋ ಇಲ್ಲವೋ ಅಂತ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಚಪ್ಪೆ, ಅಂದರೆ ತೊಡೆ ಸೊಂಟಕ್ಕೆ ಸೇರುವ ಕೀಲು, ಸಡಿಲ ಇದ್ದವರು ಬೆನ್ನು ಹಲಗೆಯಾಗಿದ್ದರೂ ನೆಲ ಮುಟ್ಟುತ್ತಾರೆ.

ತಿಂಗಳಿಗೊಮ್ಮೆ ಅಳೆದರೆ ಸಾಕು, ಆದರೆ ಅದೇ ಹೊತ್ತಿಗೆ. ಬೆಳಗ್ಗೆ ಆರಕ್ಕೆ ಅಳೆದದ್ದನ್ನು ಸಂಜೆ ಐದರದ್ದಕ್ಕೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಕಾಸಿ ಬಗ್ಗಿಸುವುದು

ತಂತಿ ಎಳೆಯುವ ಕೆಲಸ ನೋಡಿದವರಿಗೆ ಇದು ಗೊತ್ತು. ಚಿನ್ನದ ತಂತಿಯನ್ನು ಎರಡು ಮೂರು ತೂತು ದಾಟಿಸಿದ ಮೇಲೆ ಅದು ಗಡಸಾಗುತ್ತದೆ. ಹಾಗೇ ಎಳೆದರೆ ಪಟ್ ಅಂತ ತುಂಡು. ಕಾಯಿಸಿ, ಮೆತ್ತಗೆ ಮಾಡಿಕೊಂಡು ಮತ್ತೆ ಎಳೆಯಬೇಕು. ಬೆಳಗಿನ ಬೆನ್ನೂ ಹಾಗೆಯೇ. ನಾನು ಮೊದಲ ವರ್ಷ ಬೆಳಗ್ಗೆ ಆರರ ಬ್ಯಾಚ್ ಹಿಡಿದಿದ್ದೆ, ಕೆಲಸಕ್ಕೆ ಹೋಗಬಹುದಲ್ಲ ಅನ್ನುವ ಆಸೆಗೆ. ಅರ್ಧ ಸಮಯ ಮೈ ಬಿಡಿಸಿಕೊಳ್ಳುವುದರಲ್ಲೇ ಹೋಯಿತು. ಈಗ ಹತ್ತು ಗಂಟೆಯ ಬ್ಯಾಚ್. ಮಾತ್ರೆಯನ್ನು ಯಾವ ಹೊತ್ತಿಗೆ ತೆಗೆದುಕೊಂಡರೆ ಒಳ್ಳೆಯದು ಅಂತ ಡಾಕ್ಟರನ್ನು ಕೇಳಿಕೊಂಡಿದ್ದೇನೆ.

ಎದ್ದ ತಕ್ಷಣ ನೆಲಕ್ಕೆ ಕಾಲಿಡುವುದಿಲ್ಲ. ಹಾಸಿಗೆಯಲ್ಲೇ ಮಂಡಿ ಮಡಿಸಿ, ಎರಡೂ ಮಂಡಿ ಸೇರಿಸಿ ಎಡಕ್ಕೆ, ಬಲಕ್ಕೆ ಹತ್ತು ಸಲ ಉರುಳಿಸುತ್ತೇನೆ. ಆಮೇಲೆ ಒಂದೊಂದೇ ಮಂಡಿ ಎದೆಗೆ. ಆಮೇಲೆ ಪಾದ ಊರಿ ಸೊಂಟ ಮೇಲಕ್ಕೆ ಎತ್ತುವುದು, ಎಂಟು ಸಲ. ಪಕ್ಕಕ್ಕೆ ಹೊರಳಿ ಏಳುವುದು. ಬಿಸಿನೀರನ್ನು ಬೆನ್ನ ಮೇಲೆ ಐದು ನಿಮಿಷ ಬಿಟ್ಟುಕೊಳ್ಳುವುದು. ಕಾಫಿ. ಇಷ್ಟಾದ ಮೇಲೆ ಬೆನ್ನು ನನ್ನ ಮಾತು ಕೇಳುತ್ತದೆ.

ಎರಡೂವರೆ ಗಂಟೆಯಲ್ಲಿ ಏನೇನು

ಮೊದಲ ಅರ್ಧ ಗಂಟೆ ನೆಲದ ಮೇಲೆ. ಕೈ ಮಂಡಿ ಊರಿ ಬೆನ್ನನ್ನು ಬೆಕ್ಕಿನ ಹಾಗೆ ಮೇಲಕ್ಕೆ ಉಬ್ಬಿಸಿ, ಮತ್ತೆ ಕೆಳಗೆ ಇಳಿಸುವುದು. ಅದೇ ಭಂಗಿಯಲ್ಲಿ ಒಂದು ಕೈ ಆಕಾಶಕ್ಕೆ ಎತ್ತಿ ಎದೆ ತಿರುಗಿಸುವುದು, ಕಣ್ಣು ಬೆರಳ ಮೇಲೆ. ಹೊಟ್ಟೆ ಮೇಲೆ ಮಲಗಿ, ಮೊಳಕೈ ಊರಿ ಎದೆ ಎತ್ತುವುದು. ಒಂದು ಮಂಡಿ ನೆಲಕ್ಕೆ, ಇನ್ನೊಂದು ಪಾದ ಮುಂದೆ ಇಟ್ಟು ಚಪ್ಪೆಯ ಮುಂಭಾಗ ಎಳೆಯುವುದು. ಕಡೆಯದನ್ನು ನಾನು ಯಾವತ್ತೂ ಬಿಡುವುದಿಲ್ಲ. ಇಡೀ ದಿನ ಕೂತು ಕೆಲಸ ಮಾಡುವವರಿಗೆ ಚಪ್ಪೆ ಮುಂದೆ ಗಿಡ್ಡವಾಗಿ ಮೈಯೆಲ್ಲ ಮುಂದಕ್ಕೆ ಬಾಗುತ್ತದೆ.

ಆಮೇಲೆ ಗೋಡೆ. ಅಳೆಯಲು ನಿಂತ ಹಾಗೆಯೇ ನಿಂತು, ಗಲ್ಲ ಒಳಗೆ ಎಳೆದು, ತಲೆಯ ಹಿಂಭಾಗವನ್ನು ಗೋಡೆಯ ಕಡೆ ಒತ್ತುವುದು. ಐದು ಎಣಿಸಿ ಬಿಡುವುದು, ಹತ್ತು ಸಲ. ನೋಡುವವರಿಗೆ ಏನೂ ಮಾಡುತ್ತಿಲ್ಲ ಅನ್ನಿಸುತ್ತದೆ. ಐದನೇ ಸಲಕ್ಕೆ ಕುತ್ತಿಗೆ ಹಿಂದೆ ಬೆವರು. ಬಾಗಿಲ ಚೌಕಟ್ಟಿಗೆ ಎರಡೂ ಮೊಳಕೈ ಇಟ್ಟು ಎದೆ ಮುಂದೆ ತಳ್ಳುವುದು ಇದರ ಜೋಡಿ.

ಉಸಿರಿನದು ನನಗೆ ಪ್ರೀತಿಯ ಪಾಠ. ಎರಡೂ ಅಂಗೈಯನ್ನು ಪಕ್ಕೆಲುಬಿನ ಮೇಲೆ, ಅಕ್ಕಪಕ್ಕ ಇಟ್ಟುಕೊಳ್ಳಿ. ಮೂಗಿನಿಂದ ಎಳೆಯುವಾಗ ಭುಜ ಏಳಬಾರದು, ಪಕ್ಕೆಲುಬೇ ಅಂಗೈಯನ್ನು ಆಚೆ ತಳ್ಳಬೇಕು. ಮೂರು ಎಣಿಸುವವರೆಗೆ ಹಿಡಿದು, ತುಟಿ ಚೂಪು ಮಾಡಿ ನಿಧಾನಕ್ಕೆ ಬಿಡಿ. ನಾನು ಇದನ್ನು ಮನೆಯಲ್ಲಿ ಮೇಣದಬತ್ತಿ ಹಚ್ಚಿ, ಊದುಕೊಳವೆ ಹಿಡಿದು ಅಭ್ಯಾಸ ಮಾಡಿದೆ. ಉರಿ ಎಷ್ಟು ಹೊತ್ತು ಒಂದೇ ಕಡೆ ವಾಲಿ ನಿಲ್ಲುತ್ತದೆ ಅಂತ ಮಗ ಎಣಿಸುತ್ತಿದ್ದ. ಮೊದಲ ದಿನ ಆರು. ಮೂರನೇ ವಾರದ ಕೊನೆಗೆ ಹನ್ನೊಂದು. ಎದೆಯ ಅಳತೆ 2ರಿಂದ 3.5ಕ್ಕೆ ಬಂದಿತ್ತು.

ಬಲದ ಕೆಲಸಕ್ಕೆ ರಬ್ಬರ್ ಪಟ್ಟಿ, ಕುರ್ಚಿ, ಗೋಡೆ ಸಾಕು. ಪಟ್ಟಿಯನ್ನು ಕಿಟಕಿ ಸರಳಿಗೆ ಕಟ್ಟಿ ಹಿಂದಕ್ಕೆ ಎಳೆಯುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ವಾರ ವಾರ ಭಾರ ಅಥವಾ ಲೆಕ್ಕ ಸ್ವಲ್ಪ ಏರಿಸಬೇಕು.

ನಮ್ಮ ಫಿಸಿಯೋ ಸೆಂಟರಿನಲ್ಲಿ ಚಿಕ್ಕದೊಂದು ಬೆಚ್ಚನೆ ನೀರಿನ ತೊಟ್ಟಿ ಇದೆ, 33-34 ಡಿಗ್ರಿ. ನೆಲದ ಮೇಲೆ ತಿರುಗದ ಸೊಂಟ ಅಲ್ಲಿ ತಿರುಗುತ್ತದೆ. ಅಂಥದ್ದು ಸಿಗದಿದ್ದರೆ ಕೊರಗಬೇಡಿ. ನಾನು ಬೇಸಿಗೆಯಲ್ಲಿ ಬಸವನಗುಡಿಯ ಈಜುಕೊಳಕ್ಕೆ ಹೋಗುತ್ತೇನೆ. ಡಿಸೆಂಬರ್ ನೀರಿಗೆ ಮಾತ್ರ ನಮಸ್ಕಾರ. ಅಂಗಾತ ಈಜುವುದು ಒಳ್ಳೆಯದು. ಕತ್ತು ಬಿಗಿದವರಿಗೆ ತಲೆ ಎತ್ತಿಕೊಂಡು ಕಪ್ಪೆ ಈಜು ಮಾಡಿದರೆ ಕತ್ತು ನೋಯುತ್ತದೆ. ನೀರಿನಲ್ಲಿ ಉಸಿರಾಡಲು ಬಾಯಿಗೆ ಹಾಕಿಕೊಳ್ಳುವ ಕೊಳವೆ (ಸ್ನಾರ್ಕೆಲ್) ಇದ್ದರೆ ಕತ್ತು ತಿರುಗಿಸುವ ಕಷ್ಟ ತಪ್ಪುತ್ತದೆ.

ಎರಡನೇ ವಾರದಿಂದ ಏದುಸಿರಿನ ಕೆಲಸ. ಎ.ಎಸ್. ಇದ್ದವರು ಮೆಲ್ಲಗೆ ನಡೆಯಬೇಕು ಅಂತ ಹಿಂದೆ ಎಲ್ಲರೂ ಹೇಳುತ್ತಿದ್ದರು. ನಾರ್ವೆ ಮತ್ತು ಸ್ವೀಡನ್ನಿನಲ್ಲಿ 100 ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಅರ್ಧದಷ್ಟು ಜನರಿಗೆ ಮೂರು ತಿಂಗಳು ಜೋರಾದ ವ್ಯಾಯಾಮವನ್ನೇ ಮಾಡಿಸಿದರು. ಅವರ ನೋವು, ಬಿಗಿತ, ಸುಸ್ತು ಕಡಿಮೆಯಾಯಿತು. ಅವರ ಲೆಕ್ಕ: ನಾಲ್ಕು ನಿಮಿಷ ಜೋರು, ಆಮೇಲೆ ನಿಧಾನ, ಹೀಗೆ ನಾಲ್ಕು ಸುತ್ತು. ನಾನಿರುವುದು ಹನುಮಂತನಗರದಲ್ಲಿ. ರಾಮಾಂಜನೇಯ ಗುಡ್ಡದ ಏರು ನನ್ನ ಜಿಮ್ಮು. ಹತ್ತುವಾಗ ಎರಡು ಪದ ಸೇರಿಸಿ ಮಾತಾಡಲು ಆಗಬಾರದು, ಇಳಿಯುವಾಗ ಮಾತಾಡಲು ಆಗಬೇಕು. ಮೊದಲ ವಾರವೇ ಇದನ್ನು ಮಾಡಬೇಡಿ, ಮತ್ತು ಡಾಕ್ಟರನ್ನು ಕೇಳದೆ ಮಾಡಲೇಬೇಡಿ.

ನೋವಿಗೊಂದು ಲೆಕ್ಕ ಇಟ್ಟುಕೊಳ್ಳಿ. ವ್ಯಾಯಾಮ ಮುಗಿದು ಎರಡು ಗಂಟೆ ಕಳೆದರೂ ಮೊದಲಿಗಿಂತ ನೋವು ಜಾಸ್ತಿಯೇ ಇದ್ದರೆ ಇವತ್ತು ಅತಿಯಾಯಿತು ಅಂತ. ನಾಳೆ ಅರ್ಧ ಮಾಡಿ. ಅರ್ಧ ಅಂದರೆ ಅರ್ಧ, ಸೊನ್ನೆ ಅಲ್ಲ. ಕಾಯಿಲೆ ಕೆರಳಿದ ವಾರದಲ್ಲೂ ನಾನು ಹಾಸಿಗೆಯ ಮೇಲಿನದ್ದನ್ನು ಮತ್ತು ಉಸಿರನ್ನು ಬಿಡುವುದಿಲ್ಲ.

ಮುಟ್ಟಬಾರದ್ದು

ಸಲೂನಿನಲ್ಲಿ ಕಟಿಂಗ್ ಆದಮೇಲೆ ತಲೆಗೆ ನಾಲ್ಕು ತಟ್ಟಿ, ಗಲ್ಲಕ್ಕೊಂದು ಕೈ, ನೆತ್ತಿಗೊಂದು ಕೈ ಹಾಕಿ ಕಟಕ್ ಅಂತ ಕತ್ತಿನ ನೆಟಿಕೆ ತೆಗೆಯುತ್ತಾರಲ್ಲ, ಅದು ನಮಗೆ ಬೇಡವೇ ಬೇಡ. ಬಿಗಿದ ಕತ್ತು ಹಾಗೆ ತಿರುವಿದರೆ ಮೂಳೆ ಮುರಿಯಬಹುದು, ಮಿದುಳುಬಳ್ಳಿಗೆ ಪೆಟ್ಟಾಗಬಹುದು. ನಾನು ಕುರ್ಚಿಯಲ್ಲಿ ಕೂರುವ ಮುಂಚೆಯೇ ಹೇಳುತ್ತೇನೆ. ನಮ್ಮ ಏರಿಯಾದ ಹುಡುಗ ಈಗ ಹೊಸಬರಿಗೆ ತಾನೇ ಹೇಳುತ್ತಾನೆ: "ಏ, ಈ ಅಣ್ಣಂಗೆ ಕತ್ತು ಮುಟ್ಟಬೇಡ." ಬೆನ್ನ ಮೇಲೆ ಹತ್ತಿ ತುಳಿಯುವವರು, ಬೆನ್ನಿನ ನೆಟಿಕೆ ಮುರಿಯುವವರು, ಎಣ್ಣೆ ಹಾಕಿ ತಿರುವುವವರು, ಎಲ್ಲರಿಗೂ ಇದೇ ಉತ್ತರ.

ಯೋಗಾಸನ ಮಾಡುವವರು ಮೇಷ್ಟ್ರಿಗೆ ಮೊದಲೇ ಹೇಳಿ. ಭುಜಂಗಾಸನ ನಿಧಾನಕ್ಕೆ ಒಳ್ಳೆಯದು. ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಬಿಗಿದ ಕತ್ತಿಗೆ ಬೇಡ.

ಬಿದ್ದ ಮೇಲೆ ಕತ್ತಿನಲ್ಲೋ ಬೆನ್ನಲ್ಲೋ ಹೊಸ ನೋವು ಬಂದರೆ ಮೂಳೆ ಮುರಿದಿದೆ ಅಂತಲೇ ತಿಳಿದು ಆಸ್ಪತ್ರೆಗೆ ಹೋಗಿ. ಕಾಲು ಜೋಮು, ಕಾಲಲ್ಲಿ ಬಲ ಇಲ್ಲದಿರುವುದು, ಮೂತ್ರ ಹಿಡಿತಕ್ಕೆ ಸಿಗದಿರುವುದು, ಇವಕ್ಕೂ ಅಷ್ಟೇ. ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ. ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿಕೊಂಡು ಕೂರಬೇಡಿ.

ನಾಲ್ಕನೇ ವಾರ

ಮೊದಲ ವರ್ಷ ನಾನು ಗೆದ್ದೆ ಅಂದುಕೊಂಡೆ. ಗೋಡೆಯ ಜಾಗ 4ರಿಂದ 2.5ಕ್ಕೆ ಇಳಿದಿತ್ತು. ಶ್ರಾವಣ ಬಂತು, ವರಮಹಾಲಕ್ಷ್ಮಿ ಆರ್ಡರ್ ಬಂತು, ದೀಪಾವಳಿ ಆದಮೇಲೆ ಮದುವೆಗಳು. ರಾತ್ರಿ ಹತ್ತರವರೆಗೆ ಬಗ್ಗಿ ಕೂತೆ. ವ್ಯಾಯಾಮ ವಾರಕ್ಕೊಂದಾಯಿತು, ಆಮೇಲೆ ಅದೂ ಇಲ್ಲ. ಸಂಕ್ರಾಂತಿ ದಿನ ಹೆಂಡತಿ ಅಳೆದಳು. 4. ಟೇಪು ಮಡಚಿ ಇಟ್ಟು ಎಳ್ಳುಬೆಲ್ಲದ ತಟ್ಟೆ ಮುಂದಿಟ್ಟಳು. ಒಂದು ಮಾತೂ ಆಡಲಿಲ್ಲ.

ಆಗಲೇ ಡಾಕ್ಟರು ಆಸ್ಟ್ರಿಯಾದ ಗಾಸ್ಟೈನ್ ಕಣಿವೆಯ ಕಥೆ ಹೇಳಿದ್ದು. 1940ರ ದಶಕದಲ್ಲಿ ಅಲ್ಲಿ ಚಿನ್ನ ಹುಡುಕಿ ಸುರಂಗ ಕೊರೆದರು. ಚಿನ್ನ ಸಿಗಲಿಲ್ಲ. ಒಳಗೆ 37 ಡಿಗ್ರಿ ದಾಟುವ ಬಿಸಿ, ತೇವ, ರೇಡಾನ್ ಅನಿಲ. ಅಲ್ಲಿ ದುಡಿದವರು ಕೀಲುನೋವು ಕಡಿಮೆ ಅನ್ನತೊಡಗಿದ ಮೇಲೆ ಅದೇ ಚಿಕಿತ್ಸೆಯ ಜಾಗವಾಯಿತು. 2001ರಲ್ಲಿ ಪ್ರಕಟವಾದ ಒಂದು ಡಚ್ ಅಧ್ಯಯನದಲ್ಲಿ 120 ಎ.ಎಸ್. ರೋಗಿಗಳಲ್ಲಿ 40 ಜನರನ್ನು ಆ ಕಣಿವೆಗೆ, 40 ಜನರನ್ನು ನೆದರ್ಲೆಂಡ್ಸಿನದೇ ಒಂದು ಬಿಸಿನೀರಿನ ಕೇಂದ್ರಕ್ಕೆ ಮೂರು ವಾರ ಕಳಿಸಿದರು. ಉಳಿದವರು ಮನೆಯಲ್ಲೇ. ಹೋಗಿಬಂದವರಿಗೆ ತಿಂಗಳುಗಟ್ಟಲೆ ಆರಾಮ ಇತ್ತು. ನಾನು ಅಕ್ಕಸಾಲಿಗ, ಚಿನ್ನದ ಸುರಂಗ ಅಂದ ತಕ್ಷಣ ಕಿವಿ ನಿಮಿರಿತ್ತು. ಡಾಕ್ಟರು ನಕ್ಕು, "ಸುರಂಗ ಬಿಡಿ. ಆ ಮೂರು ವಾರ ಮುಗಿದ ಮೇಲೆ ಎಲ್ಲರಿಗೂ ಇನ್ನೂ 37 ವಾರ, ವಾರಕ್ಕೊಮ್ಮೆ ಗುಂಪು ವ್ಯಾಯಾಮ ಇತ್ತು. ನೀವು ಅದನ್ನು ಮಾಡಲಿಲ್ಲ" ಅಂದರು.

ಹಾಗಾಗಿ ಈಗ ನಾಲ್ಕನೇ ವಾರದ ಏರ್ಪಾಡನ್ನು ಮೊದಲ ವಾರವೇ ಮಾಡುತ್ತೇನೆ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಕೃಷ್ಣರಾವ್ ಪಾರ್ಕಿನಲ್ಲಿ ನಮ್ಮ ಬ್ಯಾಚಿನ ಐದಾರು ಜನ ಸೇರುತ್ತೇವೆ. ಒಬ್ಬ ಸಾಫ್ಟ್‌ವೇರ್ ಹುಡುಗ, ಒಬ್ಬರು ಶಾಲೆ ಟೀಚರ್, ಒಬ್ಬಳು ಡಿಗ್ರಿ ಓದುವ ಹುಡುಗಿ. ಇದು ಗಂಡಸರ ಕಾಯಿಲೆ ಅಂತ ಅಂದುಕೊಂಡು ಆ ಹುಡುಗಿಗೆ ಮೂರು ವರ್ಷ ಬರೀ ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದರು. ಯಾರಾದರೂ ಬರದಿದ್ದರೆ ಅವರಿಗೆ ಫೋನ್ ಹೋಗುತ್ತದೆ. ಆಮೇಲೆ ಗಾಂಧಿ ಬಜಾರಿನಲ್ಲಿ ದೋಸೆ. ಅದಿಲ್ಲದಿದ್ದರೆ ಇಬ್ಬರಾದರೂ ಬರುತ್ತಿದ್ದರೋ ಇಲ್ಲವೋ.

ಮಿಕ್ಕ ದಿನ ಮನೆಯಲ್ಲಿ ಬೆಳಗ್ಗೆ ಇಪ್ಪತ್ತು ನಿಮಿಷ. ರಾತ್ರಿ ಊಟ ಇಳಿದ ಮೇಲೆ ಹೊಟ್ಟೆ ಮೇಲೆ ಹದಿನೈದು ನಿಮಿಷ ಮಲಗುವುದು, ದಿಂಬಿಲ್ಲದೆ. ಮಲಗುವ ದಿಂಬೂ ತೆಳುವಾಯಿತು. ಅಂಗಡಿಯಲ್ಲಿ ಕೆಲಸದ ಹಲಗೆಯನ್ನು ಎದೆಮಟ್ಟಕ್ಕೆ ಏರಿಸಿದೆ, ನಾನು ಕೆಲಸಕ್ಕೆ ಬಗ್ಗುವ ಬದಲು ಕೆಲಸವೇ ನನ್ನ ಹತ್ತಿರ ಬಂತು. ಅರ್ಧ ಗಂಟೆಗೊಂದು ಅಲಾರಂ ಇದೆ. ಹೊಡೆದಾಗ ಎದ್ದು ಬಾಗಿಲ ಚೌಕಟ್ಟಿಗೆ ಮೊಳಕೈ ಕೊಡುತ್ತೇನೆ. ಪಕ್ಕದ ಅಂಗಡಿಯವರು ಮೊದಲು ನಗುತ್ತಿದ್ದರು, ಈಗ ಅವರಲ್ಲೂ ಒಬ್ಬರು ಮಾಡುತ್ತಾರೆ. ಮಾರ್ಕೆಟ್ಟಿಗೆ ಬಸ್ಸಿನಲ್ಲಿ ಆದಷ್ಟು ನಿಂತೇ ಹೋಗುತ್ತೇನೆ. ಕಡೇ ಸೀಟಿನಲ್ಲಿ ಮಾತ್ರ ಕೂರಬೇಡಿ, ಬಸ್ಸು ಒಂದು ರೋಡ್ ಹಂಪ್ ಹಾರಿದರೆ ಮೂರು ವಾರದ ದುಡಿಮೆ ನೆನಪಾಗುತ್ತದೆ.

ಈ ಆಷಾಢಕ್ಕೂ ಹೆಸರು ಬರೆಸಿದ್ದೇನೆ. ಹೋಗುವಾಗ ಚೀಲದಲ್ಲಿ ಟವೆಲ್ಲು, ಬದಲಿ ಬಟ್ಟೆ, ನೀರು, ಔಷಧಿ ಚೀಟಿ, ಎಕ್ಸ್‌ರೇ, ಟೇಪು ಇರಲಿ. ನಮ್ಮ ಮನೆ ಗೋಡೆಯ ಮೇಲೆ ಮಗನ ಎತ್ತರದ ಪೆನ್ಸಿಲ್ ಗೆರೆಗಳ ಪಕ್ಕದಲ್ಲೇ ನನ್ನ ತಲೆಗೂ ಗೋಡೆಗೂ ಇರುವ ಜಾಗದ ಅಳತೆ ಬರೆಯುತ್ತೇವೆ. ಹೋದ ತಿಂಗಳು ಅವನದ್ದು ಒಂದು ಬೆರಳು ಏರಿತ್ತು. ನನ್ನದು ಎರಡಕ್ಕೇ ನಿಂತಿತ್ತು.